ಗೋಕರ್ಣದಲ್ಲಿ ಬಣ್ಣದ ಸಮುದ್ರ ಹುಳು ನೋಡಲು ಸಿಗುತ್ತಾ? ದಾವಣಗೆರೆಗೆ ತಂದು ಸಾಕಬಹುದಾ?

ನೀವು ಕೇಳಿರೋದು ಎರಡು ಪ್ರಶ್ನೆ. ಜನವರಿಯಲ್ಲಿ ದಾವಣಗೆರೆಯಿಂದ ಮಕ್ಕಳನ್ನು ಕರೆದುಕೊಂಡು ಗೋಕರ್ಣಕ್ಕೆ ಹೋದಾಗ, ವಿಡಿಯೋಗಳಲ್ಲಿ ಕಾಣುವ ಬಣ್ಣಬಣ್ಣದ ಸಮುದ್ರ ಹುಳುಗಳು ನೋಡಲು ಸಿಗುತ್ತವಾ? ಸಿಕ್ಕರೆ ಒಂದೆರಡನ್ನು ಬಾಟಲಿಯಲ್ಲಿ ತಂದು ಮನೆಯ ಅಕ್ವೇರಿಯಂಗೆ ಬಿಡಬಹುದಾ? ತಾಳ್ಮೆಯಿಂದ ಹುಡುಕಿದರೆ ಸಿಗಬಹುದು. ತರೋದು ಮಾತ್ರ ಬೇಡ, ಸತ್ತುಹೋಗುತ್ತೆ. ಎರಡಕ್ಕೂ ಕಾರಣ ಒಂದೇ: ಅದರ ಊಟ.

ಇವುಗಳನ್ನು ನುಡಿಬ್ರಾಂಕ್ ಅಂತಾರೆ, ಅಂದರೆ ‘ಬೆತ್ತಲೆ ಕಿವಿರು’. ಮಳೆಗಾಲದಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಹರಿದಾಡುವ ಸಿಂಬಳದ ಹುಳುವಿನ ದೂರದ ನೆಂಟ, ಬಸವನಹುಳುವಿನ ಕುಲದ್ದೇ. ಮರಿಯಾಗಿ ತೇಲುವಾಗ ಪುಟ್ಟ ಚಿಪ್ಪಿರುತ್ತೆ, ತಳ ಸೇರಿ ಬೆಳೆಯುವಾಗ ಕಳಚಿಕೊಳ್ಳುತ್ತೆ. ಸುಮಾರು 3000 ಜಾತಿಗಳಿವೆ, ಹೆಚ್ಚಿನವು 1ರಿಂದ 5 ಸೆಂ.ಮೀ. ಉದ್ದ. ತೋಟದ ಹುಳುವಿಗೆ ಉಪ್ಪು ಹಾಕಿದರೆ ಸುರುಟಿ ಸಾಯುತ್ತಲ್ಲ, ಇದು ಹೇಗೆ ಉಪ್ಪುನೀರಲ್ಲಿ ಬದುಕುತ್ತೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇದರ ಮೈಯೊಳಗಿನ ದ್ರವವೂ ಸಮುದ್ರದಷ್ಟೇ ಉಪ್ಪು, ಅದಕ್ಕೇ ನೀರು ಹೊರಗೆ ಎಳೆದುಹೋಗಲ್ಲ. ಇದಕ್ಕೆ ಸಿಹಿನೀರೇ ವಿಷ.

ಚಿಪ್ಪಿಲ್ಲದ ಮೈಗೆ ಕಾವಲು ಊಟದಿಂದಲೇ ಬರುತ್ತೆ. ಬೆನ್ನ ಹಿಂಭಾಗದಲ್ಲಿ ಹೂವಿನಂತೆ ಕಿವಿರು ಅರಳಿಸುವ ಡೋರಿಡ್ ಗುಂಪಿನ ಹಲವು ಜಾತಿಗಳು ಬಂಡೆಗಂಟಿ ಬೆಳೆಯುವ ಸ್ಪಂಜು ಅನ್ನೋ ಪ್ರಾಣಿಯನ್ನು ತಿಂದು ಅದರ ಕಹಿ ವಿಷವನ್ನು ಚರ್ಮದಲ್ಲಿ ಕೂಡಿಡುತ್ತವೆ. ಮೈತುಂಬ ಕುಚ್ಚಿನಂಥ ಎಳೆಗಳಿರುವ ಇಯೋಲಿಡ್ ಗುಂಪಿನವು ಹೈಡ್ರಾಯ್ಡ್ ಅನ್ನೋ ಪುಟ್ಟ ಪೊದೆಯಂಥ ಪ್ರಾಣಿಯನ್ನು, ಇಲ್ಲವೇ ಸಮುದ್ರ ಹೂವನ್ನು (ಸೀ ಅನೆಮನಿ, ಹೂವಿನಂತೆ ಕಾಣುವ ಪ್ರಾಣಿ) ಮೇಯುತ್ತವೆ. ಅವುಗಳ ಚುಚ್ಚುಕೋಶಗಳನ್ನು ಸಿಡಿಯದಂತೆ ನುಂಗಿ, ತಮ್ಮ ಎಳೆಗಳ ತುದಿಯಲ್ಲಿ ಜೋಡಿಸಿಕೊಳ್ಳುತ್ತವೆ. ಕದ್ದ ಮದ್ದುಗುಂಡು ಅನ್ನಿ. ಆ ಢಾಳು ಬಣ್ಣ ಮೀನುಗಳಿಗೆ ‘ತಿಂದರೆ ಕೆಟ್ಟೆ’ ಅಂತ ಹೇಳುವ ಬೋರ್ಡು. ಹುಳುವಿಗೆ ತನ್ನ ಬಣ್ಣ ಕಾಣಲ್ಲ, ಅದರ ಕಣ್ಣಿಗೆ ಬೆಳಕು ಕತ್ತಲೆ ಅಷ್ಟೇ ಗೊತ್ತಾಗೋದು. ತಲೆ ಮೇಲಿನ ಎರಡು ಕೊಂಬುಗಳಿಂದ ವಾಸನೆ ಹಿಡಿದು ಊಟ ಹುಡುಕುತ್ತೆ.

ಹಾಗಾಗಿ ನೀವೂ ಹುಳುವನ್ನು ಹುಡುಕಬೇಡಿ, ಅದರ ಊಟ ಹುಡುಕಿ. ಬರೀ ಮರಳಿನ ದಂಡೆಯಲ್ಲಿ ತಿರುಗಿ ಪ್ರಯೋಜನ ಇಲ್ಲ. ಓಂ ಬೀಚಿನಂಥ ಕಡೆ, ಇಳಿತದಲ್ಲಿ ಬಂಡೆಗಳ ನಡುವೆ ನೀರು ನಿಲ್ಲುವ ಗುಂಡಿಗಳಿರುತ್ತವೆ. ಅಲ್ಲಿ ಬಿಸಿಲು ಬೀಳದ ಮಗ್ಗುಲು, ಚಾಚುಬಂಡೆಯ ಅಡಿ, ಕಿತ್ತಳೆ ಅಥವಾ ಹಳದಿ ಸ್ಪಂಜು ಅಂಟಿದ ಗೋಡೆ, ಕಂದು ನೂಲಿನಂತೆ ಬೆಳೆದ ಹೈಡ್ರಾಯ್ಡ್ ನೋಡಿ. ಹುಳುವಿಗಿಂತ ಮೊದಲು ಮೊಟ್ಟೆ ಕಣ್ಣಿಗೆ ಬೀಳೋದೇ ಹೆಚ್ಚು: ರಿಬ್ಬನ್ನು ಸುರುಳಿ ಸುತ್ತಿ ಅಂಟಿಸಿದಂತೆ, ಬಿಳಿ ಅಥವಾ ಹಳದಿ. ಅದು ಕಂಡರೆ ಒಂದು ಗೇಣು ಸುತ್ತಳತೆಯಲ್ಲಿ ಹತ್ತು ನಿಮಿಷ ಕದಲದೆ ನೋಡಿ.

ದಿನ ಗೊತ್ತುಮಾಡಲು ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ ಅಥವಾ ಹುಣ್ಣಿಮೆ, ಅದರ ಮರುದಿನ, ಮೂರನೇ ದಿನ ನೀರು ಹೆಚ್ಚು ಹಿಂದೆ ಸರಿಯುತ್ತೆ. ಅಷ್ಟಮಿ ಸುಮಾರಿಗೆ ಹೋದರೆ ಬಂಡೆಗಳು ಸರಿಯಾಗಿ ತೆರೆದುಕೊಳ್ಳಲ್ಲ, ಹೆಚ್ಚಿನವರು ಎಡವೋದು ಇಲ್ಲೇ. ಗಂಟೆಗೆ ಮಾತ್ರ ಕಾರವಾರದ ಉಬ್ಬರವಿಳಿತದ ಪಟ್ಟಿ ನೋಡಿ, ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಪೂರ್ತಿ ಇಳಿತಕ್ಕೆ ಒಂದು ಗಂಟೆ ಮುಂಚೆ ಇಳಿಯಿರಿ, ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ಮಳೆಗಾಲದಲ್ಲಿ ಆ ಬಂಡೆಗಳ ಹತ್ತಿರ ಸುಳಿಯಲೇಬೇಡಿ.

ಹವಾಯಿ ಚಪ್ಪಲಿ ಜಾರುತ್ತೆ, ಬಂಡೆಗಂಟಿದ ಸಿಂಪಿಗಳು ಬ್ಲೇಡಿನಂತೆ ಕೊಯ್ಯುತ್ತವೆ. ಹಿಡಿತವಿರುವ ಹಳೆಯ ಶೂ ಹಾಕಿ. ಬಿರುಕಿಗೆ ಬೆರಳು ತೂರಿಸೋದು ಬೇಡ, ಟಾರ್ಚ್ ಹಾಕಿ ನೋಡಿ. ಶಂಕುವಿನಾಕಾರದ ಚೆಂದದ ಚಿಪ್ಪು ಸಿಕ್ಕಿತು ಅಂತ ಮಕ್ಕಳು ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಒಳಗೆ ಜೀವಂತ ಕೋನ್ ಬಸವನಹುಳು ಇದ್ದರೆ ವಿಷದ ಮುಳ್ಳಿಂದ ಚುಚ್ಚುತ್ತೆ. ಕಲ್ಲು ಮಗುಚಿದರೆ ಮೊದಲಿದ್ದಂತೆಯೇ ಮುಚ್ಚಿಡಿ, ಅಡಿಯ ಸ್ಪಂಜು ಬಿಸಿಲಿಗೆ ಬಂದರೆ ಸಾಯುತ್ತೆ. ಹುಳುವನ್ನು ನೀರಿಂದ ಎತ್ತಿದರೆ ಕಿವಿರು, ಎಳೆ ಎಲ್ಲ ಕುಸಿದು ಸಿಂಬಳದ ಮುದ್ದೆಯಾಗುತ್ತೆ. ನೋಡೋಕೆ ಏನೂ ಉಳಿಯಲ್ಲ.

ಇನ್ನು ಸಾಕೋ ವಿಷಯ. ಹೆಚ್ಚಿನ ಜಾತಿಗಳು ಒಂದೋ ಎರಡೋ ಬಗೆಯ ಸ್ಪಂಜು ಅಥವಾ ಹೈಡ್ರಾಯ್ಡ್ ಬಿಟ್ಟು ಬೇರೇನೂ ಮುಟ್ಟಲ್ಲ. ಮೀನಿನ ಕಾಳು, ಪಾಲಕ್ ಎಲೆ, ಸಿಗಡಿ ಚೂರು, ಯಾವುದೂ ನಡೆಯಲ್ಲ. ಹೊಟ್ಟೆಗಿಲ್ಲದೆ ದಿನದಿನಕ್ಕೆ ಕುಗ್ಗಿ ಸಾಯುತ್ತೆ. ನಿಮ್ಮದು ಸಿಹಿನೀರಿನ ತೊಟ್ಟಿಯಾದರೆ ಅಷ್ಟು ದಿನವೂ ಇಲ್ಲ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡುಸಿದ್ದರೂ ಅದು ಸಮುದ್ರದ ನೀರಲ್ಲ: ಅಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ, ಅಂದರೆ 100 ಲೀಟರ್ ತೊಟ್ಟಿಗೆ ಮೂರೂವರೆ ಕಿಲೋ, ಅದೂ ಅಡುಗೆ ಉಪ್ಪಲ್ಲ. ಅದನ್ನೆಲ್ಲ ಹೊಂದಿಸಿದರೂ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ನೀರು ಕಾಯುತ್ತೆ, ಫಿಲ್ಟರಿನ ಬಾಯಿ ಹುಳುವನ್ನು ಎಳೆದುಕೊಳ್ಳುತ್ತೆ. ಫಿಲಿಡಿಯಾದಂಥ ವಿಷದ ಜಾತಿಯಾದರೆ ತಾನು ಸಾಯುವಾಗ ತೊಟ್ಟಿಯ ಮೀನುಗಳನ್ನೂ ಕೊಂದೇ ಹೋಗಬಹುದು. ಮಾರಾಟಕ್ಕೆಂದೇ ಮರಿ ಮಾಡಿಸುವ ಬರ್ಗಿಯಾ ಅನ್ನೋದು ಒಂದಿದೆ. ಅದೂ ಐಪ್ಟೇಸಿಯಾ ಎಂಬ ಕಳೆಯಂಥ ಸಮುದ್ರ ಹೂವನ್ನಷ್ಟೇ ತಿನ್ನುತ್ತೆ. ಕಳೆ ಮುಗಿದ ದಿನ ಅದರ ಕಥೆಯೂ ಮುಗಿಯಿತು. ಹೇಗೂ ಇವುಗಳ ಆಯಸ್ಸು ಕೆಲವು ವಾರದಿಂದ ಒಂದು ವರ್ಷದವರೆಗೆ ಮಾತ್ರ.

ತರಬೇಕಾದ್ದು ಫೋಟೋ. ನೀರಿನ ಮೇಲೆ ಬೆಳಕು ಹೊಳೆದರೆ ಛತ್ರಿ ಹಿಡಿದು ನೆರಳು ಮಾಡಿ. ತಳ ಪಾರದರ್ಶಕವಾಗಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನ ಮೇಲೆ ಒತ್ತಿ, ಅದರೊಳಗಿಂದ ಮೊಬೈಲಿನಲ್ಲಿ ತೆಗೆಯಿರಿ, ಅಲೆಯ ಕಂಪನ ಕಾಣಲ್ಲ. ಮೇಲಿಂದ ಒಂದು, ಕೊಂಬುಗಳದ್ದು ಒಂದು, ಬೆನ್ನ ಕಿವಿರು ಅಥವಾ ಎಳೆಗಳದ್ದು ಒಂದು, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ. ಅದು ಯಾವುದರ ಮೇಲೆ ಕೂತಿತ್ತು ಅನ್ನೋದನ್ನೂ ತೆಗೆಯಿರಿ. ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದಾಗ ಜಾತಿ ಗುರುತಿಸುವವರಿಗೆ ಎಷ್ಟೋ ಸಲ ಅದೇ ಸುಳಿವಾಗುತ್ತೆ.