ಗಿಡ ತಂದಿರಿ, ಗುಡ್ಡ ಎಲ್ಲಿಂದ ತರ್ತೀರಿ?

ಬೆಳಗಾವಿ ಟಿಳಕವಾಡಿಯ ಓದುಗರೊಬ್ಬರ ಪತ್ರ: ‘ಮಳೆಗಾಲದಲ್ಲಿ ಶಿವನೇರಿ ಕೋಟೆಗೆ ಹೋಗಿದ್ದೆ. ಬಂಡೆಯ ಸಂದಿಯಲ್ಲಿ ನಕ್ಷತ್ರದಂಥ ಕೆಂಗಂದು ಹೂ, ಮೇಲೆ ಹಳದಿ ಮಚ್ಚೆ. ಒಂದು ಕಡ್ಡಿ ಮುರಿದು ತಂದು ಕುಂಡದಲ್ಲಿ ನೆಟ್ಟೆ, ಚಿಗುರಿತು. ಅದು ಫ್ರೆರಿಯಾ ಇಂಡಿಕಾ, ಅಪರೂಪದ್ದು ಎಂದು ಗೆಳೆಯ ಬೈದ. ಇಷ್ಟು ಸಲೀಸಾಗಿ ಬೆಳೆಯುವುದು ಅಪರೂಪ ಹೇಗಾದೀತು? ತಂದದ್ದು ಒಳ್ಳೇದೇ ಆಯ್ತಲ್ವಾ?’

ನಿಮ್ಮ ಕೈಗುಣ ಒಳ್ಳೆಯದು. ಗುಡ್ಡದಲ್ಲಿ ಅಳಿದರೂ ಕುಂಡದಲ್ಲಿ ತಳಿ ಉಳಿದೀತು, ಅಷ್ಟನ್ನು ಒಪ್ಪುತ್ತೇನೆ. ಆದರೆ ಗೆಳೆಯ ಬೈದದ್ದೇ ಸರಿ.

ಈ ಗಿಡವನ್ನು 1864ರಲ್ಲಿ ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ ಲೋಕಕ್ಕೆ ಪರಿಚಯಿಸಿದ. ಆಗಿನ ಮುಂಬೈ ಗವರ್ನರ್ ಬಾರ್ಟಲ್ ಫ್ರೆರೆಯ ಹೆಸರಿಟ್ಟ. ಕಾಡುಗಿಡವಾಗಿ ಇದು ಇರುವುದು ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಕಡೆ. ಶಿವನೇರಿ, ಪುರಂದರದಂಥ ಕೋಟೆಗಳ ಕಡಿದಾದ ಬಂಡೆಗಳಲ್ಲಿ. ಆಡು ಹತ್ತಲಾರದ ಕಡೆ ಉಳಿದುಕೊಂಡಿತ್ತು. ಅಲ್ಲಿಗೆ ನಿಮ್ಮ ಕೈ ಹೋಯಿತು.

ಕಡ್ಡಿ ನೆಟ್ಟು ಹತ್ತು ಕುಂಡ ಮಾಡಿದರೂ ಅದು ಅದೇ ಗಿಡ. ಹೊಸ ಗಿಡ ಬೇಕೆಂದರೆ ಬೀಜ ಬೇಕು. ನಮ್ಮ ಹನುಮಪ್ಪನಿಗೆ ಹಾರ ಕಟ್ಟುವ ಎಕ್ಕ ಇದರದೇ ಬಳಗ. ಈ ಬಳಗದ ಪರಾಗ ಹುಡಿಯಾಗಿ ಉದುರುವುದಿಲ್ಲ. ಮುದ್ದೆಯಾಗಿ ಕೂತಿರುತ್ತದೆ. ಹುಳ ಬಂದು ಮುದ್ದೆ ಅದಕ್ಕೆ ಅಂಟಬೇಕು, ಇನ್ನೊಂದು ಹೂವಿನ ಸಣ್ಣ ಸೀಳಿನೊಳಗೇ ಹೋಗಿ ಕೂರಬೇಕು. ಆಮೇಲೆ ರೇಷ್ಮೆ ಎಳೆ ಹೊತ್ತ ಬೀಜ ಗಾಳಿಯಲ್ಲಿ ಹಾರಿ, ಚಿಟಿಕೆ ಮಣ್ಣಿರುವ ಬಿರುಕು ಹುಡುಕಬೇಕು. ನಿಮ್ಮ ತಾರಸಿಯಲ್ಲಿ ಇದರಲ್ಲಿ ಯಾವುದಿದೆ ಹೇಳಿ? ಕೋಟೆ ಹತ್ತುವವರೆಲ್ಲ ‘ಒಂದೇ ಕಡ್ಡಿ’ ಅಂದರೆ ಬಂಡೆಯ ಮೇಲೆ ಏನು ಉಳಿದೀತು?

ಪರರಾಜ್ಯದ ಮಾತು ಬಿಡಿ. ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿ, ಅಲ್ಲಿಂದ ಮುಂದೆ ಚೋರ್ಲಾ ಘಾಟ್. ಏಪ್ರಿಲ್‌ನಲ್ಲಿ ಅಲ್ಲಿನ ಬೋಳು ಕಲ್ಲುಹಾಸು ನೋಡಿದವರು ‘ಏನೂ ಇಲ್ಲದ ಜಾಗ’ ಅಂತಾರೆ. ಮಳೆ ಹಿಡಿದ ಮೇಲೆ ಹೋಗಿ ಮಂಡಿಯೂರಿ ನೋಡಿ. ಬೆರಳುಗುರಿನಷ್ಟು ನೀಲಿ ಹೂಗಳು, ಹುಳ ಹಿಡಿದು ತಿನ್ನುವ ಗಿಡಗಳು. ಮಣ್ಣು ತೆಳುವಾಗಿರುವುದರಿಂದಲೇ ಅವು ಅಲ್ಲಿ ಬದುಕುತ್ತವೆ. ಇಂಥ ಕಡೆ ಗುಂಡಿ ತೋಡಿ ಅಕೇಶಿಯಾ ನೆಟ್ಟು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಗಿಡ ನೆಡಲು ಊರೊಳಗಿನ ರಸ್ತೆಗಳು ಸಾಲವೇ? ಬಾದಾಮಿಯ ಕೆಂಪು ಬಂಡೆಗೂ ಇದೇ ಗತಿ. ಸುಮ್ನೆ ಇರುವ ಕಲ್ಲು ಕಂಡರೆ ಸಾಕು, ಹೆಸರು ಕೆತ್ತಬೇಕು, ಇಲ್ಲವೇ ಒಡೆದು ಲಾರಿಗೆ ತುಂಬಬೇಕು.

ತಂದ ಗಿಡವನ್ನು ಸಾಯಬಿಡಬೇಡಿ. ನೀರು ಜಾಸ್ತಿ ಹಾಕಬೇಡಿ, ಬೇಸಿಗೆಯಲ್ಲಿ ಎಲೆ ಉದುರಿದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಯಾರಾದರೂ ಕೇಳಿದರೆ ನಿಮ್ಮ ಕುಂಡದಿಂದಲೇ ಕಡ್ಡಿ ಕೊಡಿ, ಶಿವನೇರಿಯ ದಾರಿ ತೋರಿಸಬೇಡಿ. ಮುಂದಿನ ಆಗಸ್ಟ್‌ನಲ್ಲಿ ಆ ಗೆಳೆಯನನ್ನೂ ಕರೆದುಕೊಂಡು ಚೋರ್ಲಾಕ್ಕೆ ಹೋಗಿ, ಬರಿಗೈಯಲ್ಲಿ ಬನ್ನಿ. ಫೋಟೋ ಕಳಿಸಿದರೆ ಖಂಡಿತ ಅಚ್ಚು ಹಾಕುತ್ತೇವೆ. ಯಾವ ಬಂಡೆ ಎಂದು ಮಾತ್ರ ಬರೆಯುವುದಿಲ್ಲ.