ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ?

ಪ್ರಶ್ನೆ: ಭೇದಿಯಾದಾಗ ಬರೀ ನೀರು ಸಾಲದು, ಓಆರ್‌ಎಸ್ ಕುಡೀರಿ ಅಂತಾರೆ. ಉಪ್ಪು ಸರಿ, ಸಕ್ಕರೆ ಯಾಕೆ?
– ಓದುಗರು, ವಿಜಯಪುರ

ಉತ್ತರ: ಜೀವಕೋಶದ ಪೊರೆ ಕೊಬ್ಬಿನದು. ಉಪ್ಪಿನ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಸುಮ್ನೆ ದಾಟಲಾರವು, ಪ್ರೋಟೀನಿನ ಬಾಗಿಲು ಬೇಕು. ಸಣ್ಣ ಕರುಳಿನಲ್ಲಿ ಅಂಥದ್ದೊಂದು ಬಾಗಿಲಿದೆ, ಅದು ಉಪ್ಪಿನ 2 ಸೋಡಿಯಂ ಅಯಾನುಗಳ ಜೊತೆ ಸಕ್ಕರೆಯಿಂದ ಬರುವ 1 ಗ್ಲೂಕೋಸ್ ಅಣು ಸೇರಿಸಿಯೇ ಒಳಗೆ ಬಿಡುತ್ತದೆ, ಭೇದಿಯಾದಾಗಲೂ ಸಾಮಾನ್ಯವಾಗಿ ಕೆಲಸ ನಿಲ್ಲಿಸುವುದಿಲ್ಲ. ಅವು ಹೋದ ಕಡೆ ನೀರೂ ಹಿಂದೆಯೇ ಹೋಗುತ್ತದೆ. ನಿಮ್ಮೂರಿನ ಒಣದ್ರಾಕ್ಷಿ ನೆನೆಹಾಕಿ ನೋಡಿ, ಒಳಗಿನ ಸಕ್ಕರೆ ನೀರೆಳೆದು ಸುಕ್ಕೆಲ್ಲಾ ಬಿಚ್ಚಿ ಉಬ್ಬುತ್ತದೆ ಅಲ್ವಾ, ಹಾಗೇ. ಅದಕ್ಕೇ ಸಕ್ಕರೆ ಜಾಸ್ತಿ ಹಾಕಲೇಬೇಡಿ, ನೀರು ಉಲ್ಟಾ ಕರುಳಿಗೇ ಬಂದು ಭೇದಿ ಹೆಚ್ಚುತ್ತದೆ. ಪ್ಯಾಕೆಟ್ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಹಾಕಿ.