ಹೋಗುವಾಗ 8 ಗಂಟೆ, ಬರುವಾಗ 10 ಗಂಟೆ ಯಾಕೆ?

ಪ್ರಶ್ನೆ: ಮಗಳನ್ನು ನೋಡಲು ಜನವರಿಯಲ್ಲಿ ಬೆಂಗಳೂರಿನಿಂದ ಟೋಕಿಯೋಗೆ ಹೊರಟಿದ್ದೇನೆ. ನೇರ ವಿಮಾನ. ಹೋಗಲು ಸುಮಾರು 8 ಗಂಟೆ, ವಾಪಸ್ ಬರಲು 10 ಗಂಟೆ ಎಂದಿದೆ. ದೂರ ಒಂದೇ ಅಲ್ವಾ? ಭೂಮಿ ತಿರುಗುವುದರಿಂದ ಹೀಗೆ ಎನ್ನುತ್ತಾರೆ ಪಕ್ಕದ ಮನೆಯವರು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದೂರ ಒಂದೇ. ನೆಟ್ಟಗೆ ಅಳೆದರೆ ಸುಮಾರು 6,700 ಕಿ.ಮೀ. ಭೂಮಿಯ ತಿರುಗಾಟದಿಂದಲೇ ವ್ಯತ್ಯಾಸ ಬರುವುದಾದರೆ ವಾಪಸ್ ಪ್ರಯಾಣವೇ ಬೇಗ ಮುಗಿಯಬೇಕಿತ್ತು. ಭೂಮಿ ತಿರುಗುವುದು ಪೂರ್ವಕ್ಕೆ. ನೀವು ಪಶ್ಚಿಮಕ್ಕೆ ಬರುವಾಗ ಬೆಂಗಳೂರೇ ನಿಮ್ಮ ಎದುರಿಗೆ ಬರಬೇಕಲ್ವಾ? ಹಾಗಾಗುವುದಿಲ್ಲ. ಯಾಕೆಂದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ.

ನಿಜವಾದ ಕಾರಣ ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಅದು. ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು ನಾನು. ಪಾಳಿಗೆ ಬಂದ ಕೂಡಲೇ ನೋಡುತ್ತಿದ್ದುದು ಗಾಳಿಯ ನಕ್ಷೆ. ಅದರಲ್ಲಿ ಗಾಳಿಯ ದಿಕ್ಕು ತೋರಿಸುವ ಕಡ್ಡಿಗೆ ಅಂಟಿದ ಒಂದು ಕಪ್ಪು ತ್ರಿಕೋನ ಎಂದರೆ 50 ನಾಟ್, ಗಂಟೆಗೆ ಸುಮಾರು 93 ಕಿ.ಮೀ. ವೇಗ. ಚಳಿಗಾಲದಲ್ಲಿ ಜಪಾನಿನ ಮೇಲೆ ಒಂದೇ ಕಡ್ಡಿಗೆ ಮೂರು ತ್ರಿಕೋನ ಸಾಲಾಗಿರುವುದುಂಟು. ಅಂದರೆ ಗಂಟೆಗೆ ಸುಮಾರು 280 ಕಿ.ಮೀ. ಗಾಳಿ! ಎಷ್ಟು ಸಲ ನೋಡಿದರೂ ನನಗೆ ಅದು ಬೆರಗೇ.

ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ತಜ್ಞ ವಸಾಬುರೋ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು ಪತ್ತೆ ಹಚ್ಚಿದರು. 1926ರ ವರದಿಯನ್ನು ಎಲ್ಲ ದೇಶದವರೂ ಓದಲಿ ಎಂದು ಎಸ್ಪೆರಾಂಟೋದಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಎಂದು ಕಟ್ಟಿದ ಭಾಷೆಯಲ್ಲಿ, ಬರೆದರು. ಪಾಪ, ಹೊರಗಿನವರು ಅದನ್ನು ಗಮನಿಸಲೇ ಇಲ್ಲ.

ಈಗ ಲೆಕ್ಕ ನೋಡಿ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಲೆಕ್ಕದಲ್ಲಿ 1,000 ಆಯಿತು. ಅದೇ ಗಾಳಿ ಎದುರಾದರೆ 800. ಇಷ್ಟಕ್ಕೇ ಒಂದೂವರೆ ಗಂಟೆಗಿಂತ ಜಾಸ್ತಿ ಫರಕು. ಉಳಿದದ್ದು ರನ್‌ವೇವರೆಗಿನ ಓಡಾಟ, ಸುತ್ತು ದಾರಿ. ಬೇಸಿಗೆಯಲ್ಲಿ ಈ ಗಾಳಿ ಸಡಿಲವಾಗಿ ಉತ್ತರಕ್ಕೆ ಸರಿಯುತ್ತದೆ, ಫರಕೂ ಇಳಿಯುತ್ತದೆ.

ಹಾಗಂತ ಪಕ್ಕದ ಮನೆಯವರದ್ದು ಪೂರ್ತಿ ತಪ್ಪಲ್ಲ. ಬಿಸಿ ಪ್ರದೇಶದಿಂದ ಉತ್ತರಕ್ಕೆ ಹೊರಟ ಗಾಳಿ ಪೂರ್ವಕ್ಕೆ ವಾಲುವುದು ಭೂಮಿ ತಿರುಗುವುದರಿಂದಲೇ.

ಟಿಕೆಟ್ ಓದುವಾಗ ಒಂದು ಎಚ್ಚರ. ಅದರಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಉದಾಹರಣೆಗೆ, ರಾತ್ರಿ 2ಕ್ಕೆ ಹೊರಟು 8 ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ಮಧ್ಯಾಹ್ನ 1.30. ಸಂಜೆ 6ಕ್ಕೆ ಅಲ್ಲಿಂದ ಹೊರಟು 10 ಗಂಟೆ ಹಾರಿದರೆ ಇಲ್ಲಿ ರಾತ್ರಿ 12.30. ಸುಮ್ನೆ ಕಳೆದು ನೋಡಿದರೆ ಬರುವುದೇ ಬೇಗ ಅನಿಸಿಬಿಡುತ್ತದೆ. ಪ್ರಯಾಣದ ಅವಧಿಯನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೇ ನಂಬಿ.

ಜನವರಿಯಲ್ಲಿ ಎದುರುಗಾಳಿ ಜೋರಿದ್ದರೆ ವಾಪಸ್ ಬರುವುದು ಇನ್ನೂ ಸ್ವಲ್ಪ ತಡವಾಗಬಹುದು. ಇಮಿಗ್ರೇಷನ್, ಲಗೇಜ್ ಬೇರೆ ಇದೆ. ಶಿವಮೊಗ್ಗದ ಬಸ್ಸಿಗೆ ನಾಲ್ಕು ಗಂಟೆಯಾದರೂ ಬಿಡುವು ಇಟ್ಟುಕೊಂಡು ಬುಕ್ ಮಾಡಿ.